ಅಪ್ಪ-ಅಮ್ಮನ ಜೊತೆ ಪ್ರಾಗ್: ಏನು ನೋಡೋದು, ಏನು ಬಿಡೋದು?

ಮ್ಯೂನಿಕ್ ಮೈಸೂರವಳು

ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮ ಮೈಸೂರಿಂದ ಬಂದು ನಮ್ಮ ಜೊತೆ ಇದ್ದಾರೆ. ಜೂನ್ ಕೊನೆಗೆ ಶನಿವಾರ-ಭಾನುವಾರದ ಹಿಂದೆಮುಂದೆ ರಜೆ ಹಾಕಿ ಪ್ರಾಗ್ ತೋರಿಸ್ಕೊಂಡು ಬರೋಣ ಅಂತಿದೀವಿ. ಅಪ್ಪನಿಗೆ ಎಪ್ಪತ್ತು ದಾಟಿದೆ. ಸಮತಟ್ಟು ರಸ್ತೇಲಿ ಎಷ್ಟು ಬೇಕಾದ್ರೂ ನಡೀತಾರೆ, ಮೆಟ್ಟಿಲು ಕಂಡ್ರೆ ಮಂಡಿ ಹಿಡ್ಕೊಂಡು ನಿಂತುಬಿಡ್ತಾರೆ. ಅಮ್ಮ ಮೊಟ್ಟೇನೂ ಮುಟ್ಟಲ್ಲ.

ನಮ್ಮನೆಯವರು ಒಂದು ಪಟ್ಟಿ ಮಾಡಿದಾರೆ: ಕೋಟೆ, ಚಾರ್ಲ್ಸ್ ಸೇತುವೆ, ಗಡಿಯಾರ, ಯಹೂದಿ ಕೇರಿ, ಪೆಟ್ರಿನ್ ಗೋಪುರ, ದೋಣಿ ವಿಹಾರ, ಲೆನನ್ ಗೋಡೆ, ವೆನ್ಸೆಸ್ಲಾಸ್ ಚೌಕ, ಕುಟ್ನಾ ಹೋರಾದ ಮೂಳೆ ಚರ್ಚು, ಕೊನೆಗೆ ಚೆಸ್ಕಿ ಕ್ರುಮ್ಲೊವ್. ಓದುವಾಗಲೇ ನನಗೆ ಕಾಲುನೋವು ಬಂತು. ಇದರಲ್ಲಿ ಯಾವುದನ್ನ ಹೊಡೆದುಹಾಕಲಿ? ವಯಸ್ಸಾದವರನ್ನ ಕರ್ಕೊಂಡು ಹೋಗಿಬಂದವರು ದಯವಿಟ್ಟು ಹೇಳಿ.

ವ್ಲ್ತಾವಾ ದಡ

ನಾನು ಕೆಲಸದ ಮೇಲೆ ಪ್ರಾಗ್‌ನಲ್ಲೇ ಇದ್ದವನು. ಬಂದ ನೆಂಟರನ್ನೆಲ್ಲ ಸುತ್ತಿಸಿದ ಬಲದ ಮೇಲೆ ಹೇಳ್ತೀನಿ: ಕ್ರುಮ್ಲೊವ್ ಒಂದನ್ನ ಈಗಲೇ ಹೊಡೆದುಹಾಕಿ, ದಾರಿಯಲ್ಲೇ ದಿನ ಹೋಗತ್ತೆ. ಮಿಕ್ಕ ಪಟ್ಟಿ ಅಂಥಾ ತಪ್ಪೇನಲ್ಲ. ಎಲ್ಲಿಗೆ ಅನ್ನೋದಕ್ಕಿಂತ ಎಷ್ಟು ಹೊತ್ತಿಗೆ ಅನ್ನೋದನ್ನ ಮೊದಲು ತೀರ್ಮಾನ ಮಾಡಿ.

ಚಾರ್ಲ್ಸ್ ಸೇತುವೆಗೆ ಬೆಳಗ್ಗೆ ಹನ್ನೊಂದಕ್ಕೆ ಹೋದ್ರೆ ನಿಮಗೆ ಕಾಣೋದು ಮುಂದಿನವರ ಬೆನ್ನುಚೀಲ. 1357ರಲ್ಲಿ ದೊರೆ ನಾಲ್ಕನೇ ಚಾರ್ಲ್ಸ್ ಅಡಿಗಲ್ಲು ಹಾಕಿಸಿದ ಸೇತುವೆ ಅದು, 516 ಮೀಟರ್ ಉದ್ದ, ಎರಡೂ ಬದಿ ಸೇರಿ 30 ಪ್ರತಿಮೆಗಳು. ಹಗಲಲ್ಲಿ ಆ ಪ್ರತಿಮೆಗಳ ಕಾಲು ಕೂಡ ಕಾಣಲ್ಲ. ಜೂನ್ ಕೊನೆಯಲ್ಲಿ ಅಲ್ಲಿ ಐದು ಗಂಟೆಗೆಲ್ಲ ಬೆಳಕಾಗಿರತ್ತೆ. ಐದೂವರೆಗೆ ಹಳೇ ಊರಿನ ಕಡೆಯ ಗೋಪುರದ ಕೆಳಗಿಂದ ಸೇತುವೆ ಹತ್ತಿ. ಸೂರ್ಯ ನಿಮ್ಮ ಬೆನ್ನ ಹಿಂದೆ, ಎದುರಿಗೆ ಗುಡ್ಡದ ಮೇಲಿನ ಕೋಟೆಗೆ ಮೊದಲ ಬಿಸಿಲು. ಸೇತುವೆ ಮೇಲೆ ನಾಲ್ಕಾರು ಫೋಟೊಗ್ರಾಫರ್‌ಗಳು, ಕಸ ಗುಡಿಸುವವರು, ಅಷ್ಟೇ ಜನ. ಅಲ್ಲಿ ಸೇಂಟ್ ಜಾನ್ ನೆಪೊಮುಕ್ ಪ್ರತಿಮೆಯ ಕೆಳಗೆ ಒಂದು ಕಂಚಿನ ಫಲಕ ಇದೆ. 1393ರಲ್ಲಿ ಆತನನ್ನ ನದಿಗೆ ತಳ್ಳಿ ಸಾಯಿಸಿದ್ರು, ಫಲಕದಲ್ಲಿರೋದು ಅದೇ ದೃಶ್ಯ. ಮುಟ್ಟಿದ್ರೆ ಒಳ್ಳೇದಾಗತ್ತೆ ಅಂತ ಮುಟ್ಟಿ ಮುಟ್ಟಿ, ಬೀಳ್ತಿರೋ ಆ ಪುಟ್ಟ ಆಕೃತಿಯಷ್ಟೇ ಫಳಫಳ ಹೊಳೀತಿರತ್ತೆ, ಸುತ್ತಲಿನದೆಲ್ಲ ಕಪ್ಪಗಿದೆ. ಹನ್ನೊಂದು ಗಂಟೆಗೆ ಅದನ್ನ ಮುಟ್ಟೋಕೆ ಸಾಲು ನಿಲ್ಲಬೇಕು. ಬೆಳಗ್ಗೆ ನಿಮ್ಮಮ್ಮ ನಿಧಾನಕ್ಕೆ ನೋಡಬಹುದು.

ನಮ್ಮೂರ ಹಿರಿಯರು ಹೇಗೂ ಐದಕ್ಕೆ ಏಳ್ತಾರೆ. ಬೇರೆ ಪ್ರವಾಸಿಗಳಿಗೆ ಇಲ್ಲದ ಅನುಕೂಲ ಅದು, ಬಳಸ್ಕೊಳ್ಳಿ. ಹತ್ತೂವರೆ ಒಳಗೆ ಒಂದು ಸುತ್ತು ಮುಗಿಸಿ ರೂಮಿಗೆ ಬನ್ನಿ. ಊಟ, ನಿದ್ದೆ. ಸಂಜೆ ಐದರ ಮೇಲೆ ಮತ್ತೆ ಹೊರಡಿ, ಒಂಬತ್ತರವರೆಗೂ ಬೆಳಕಿರತ್ತೆ.

ವಿಶಾಲು ಚಿಕ್ಕಮ್ಮ

ಎಲ್ಲರೂ ಕರ್ಕೊಂಡು ಹೋದವರೇ ಮಾತಾಡ್ತಿದೀರಿ. ನಾನು ಕರೆಸಿಕೊಂಡು ಹೋದವಳು, ನನ್ನ ಮಾತೂ ಸ್ವಲ್ಪ ಕೇಳಿ.

ಮಗ-ಸೊಸೆ ಪ್ರೀತಿಯಿಂದ್ಲೇ ಕರ್ಕೊಂಡು ಹೋದ್ರು, ಬೇಡ ಅನ್ನೋಕಾಗತ್ತಾ? ಆದ್ರೆ ನಮ್ಮ ವಯಸ್ಸಿನವರು ಹೊಸ ಊರಲ್ಲಿ ಮೊದಲು ಹುಡುಕೋದು ಕೂರೋಕೆ ಬೆಂಚು, ಆಮೇಲೆ ಶೌಚಾಲಯ. ಗೋಪುರ ಆಮೇಲೆ. ಶೌಚಾಲಯಕ್ಕೆ ಅಲ್ಲಿ ದುಡ್ಡು ಕೊಡಬೇಕು, ಕೆಲವು ಕಡೆ ಚಿಲ್ಲರೆನೇ ಬೇಕು. ಆ ಚಿಲ್ಲರೆ ಯಾವಾಗಲೂ ಮಗನ ಜೇಬಲ್ಲಿ! ಪ್ರತಿ ಸಲ "ಲೋ, ಕಾಸು ಕೊಡೋ" ಅಂತ ಕೇಳೋಕೆ ನಾಚಿಕೆಯಾಗಿ ನಾನು ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದೆ. ಸುಮ್ನೆ ನಿಮ್ಮಮ್ಮನ ಪರ್ಸಿಗೆ ಮೊದಲ ದಿನವೇ ಒಂದು ಹಿಡಿ ಕೊರುನಾ ನಾಣ್ಯ ಹಾಕಿಬಿಡಮ್ಮ.

ಇನ್ನೊಂದು, ಚಪ್ಪಲಿ. ಊರೆಲ್ಲ ಕಲ್ಲುಹಾಸು, ಸಣ್ಣ ಸಣ್ಣ ಚೌಕ ಕಲ್ಲು, ಮಳೆ ಬಂದ್ರೆ ಜಾರತ್ತೆ. ಸೀರೆ ಉಟ್ರೂ ಕಾಲಿಗೆ ಷೂ ಇರಲಿ. ಫೋಟೊದಲ್ಲಿ ಚೆನ್ನಾಗಿ ಕಾಣದಿದ್ರೆ ಬೇಡ.

ಮತ್ತೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಪಟ್ಟಿ ನಿಮ್ಮ ಯಜಮಾನರದ್ದು. ಅಪ್ಪ-ಅಮ್ಮನಿಗೆ ಏನು ನೋಡ್ಬೇಕು ಅಂತ ಕೇಳಿದೀಯಾ?

ಮ್ಯೂನಿಕ್ ಮೈಸೂರವಳು

ಚಿಕ್ಕಮ್ಮ, ನಿಮ್ಮ ಪ್ರಶ್ನೆ ಓದಿ ಎದ್ದು ಹೋಗಿ ಕೇಳಿದೆ. ಅಮ್ಮ "ನದಿ ಇದ್ರೆ ಸಾಕು" ಅಂದ್ರು. ಅಪ್ಪ ಪೇಪರ್ ಕೆಳಗಿಟ್ಟು "ಜಾವಾ ಮಾಡ್ತಿದ್ದ ಊರು ಅದೇ ತಾನೆ?" ಅಂದ್ರು. ಅಪ್ಪನ ಹತ್ರ ಜಾವಾ ಬೈಕ್ ಇತ್ತು ಅಂತ ಗೊತ್ತಿತ್ತು, ಆದ್ರೆ ಅದಕ್ಕೂ ಪ್ರಾಗ್‌ಗೂ ಏನು ಸಂಬಂಧ ಅಂತ ನನಗೆ ಗೊತ್ತಾಗಿದ್ದು ಈಗ್ಲೇ. ಅಲ್ಲಿ ನೋಡೋಕೆ ಏನಾದ್ರೂ ಇದೆಯಾ?

ಎರಡು ಸೈಲೆನ್ಸರ್

ಇದೆಯಾ ಅಂದ್ರೆ! ಅಪ್ಪಾಜಿಗೆ ನನ್ನ ನಮಸ್ಕಾರ ಹೇಳಿ ಮೊದಲು.

ಫ್ರಾಂಟಿಶೆಕ್ ಯಾನೆಚೆಕ್ ಅಂತ ಪ್ರಾಗ್‌ನ ಎಂಜಿನಿಯರು. ಬಂದೂಕು, ಮದ್ದುಗುಂಡಿನ ಕಾರ್ಖಾನೆ ನಡೆಸ್ತಿದ್ದ. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ಮಾಡೋ ಹಕ್ಕು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ (ಅವರ ಲಿಪಿಯಲ್ಲಿ JA, WA) ಸೇರಿಸಿ ಕಂಪನಿಗೆ ಹೆಸರಿಟ್ಟ. ಅಲ್ಲಿಯವರು ಯಾವಾ ಅಂತಾರೆ. ಜರ್ಮನರು ದೇಶ ಆಕ್ರಮಿಸಿಕೊಂಡಿದ್ದ ಕಾಲದಲ್ಲಿ ಕದ್ದುಮುಚ್ಚಿ ಹೊಸ ಬೈಕ್ ರೂಪಿಸಿಟ್ಟಿದ್ರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದೇ ಪೆರಾಕ್ 250 ಆಗಿ ಹೊರಗೆ ಬಂತು. ಅದರ ಮುಂದಿನ ತಲೆಮಾರು, ಹಿಂದಿನ ಚಕ್ರಕ್ಕೆ ಸ್ವಿಂಗಿಂಗ್ ಆರ್ಮ್ (ಚಕ್ರ ಹಿಡಿದು ಮೇಲೆಕೆಳಗೆ ಆಡೋ ತೋಳು) ಇರೋ ಮಾದರಿ, ನಮ್ಮ ಮೈಸೂರಿಗೆ ಬಂದಿದ್ದು.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯ್ತು, ಇರಾನಿ ಕುಟುಂಬದವರದ್ದು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಉದ್ಘಾಟನೆ ಮಾಡಿದ್ದು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು, 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ಹೋಯ್ತು, ಗಾಡಿಗಳು ಹೋಗಿಲ್ಲ. ಇವತ್ತಿಗೂ ಜುಲೈ ಎರಡನೇ ಭಾನುವಾರ ಮೈಸೂರಲ್ಲೂ ಬೆಂಗಳೂರಲ್ಲೂ ಜಾವಾ-ಯೆಜ್ಡಿಯವರು ಸೇರ್ತಾರೆ, ಹೊಗೆ ಕುಡಿದು ಮನೆಗೆ ಬರ್ತೀವಿ.

ಗೊತ್ತಿಲ್ಲದ ಹುಡುಗರಿಗೆ ಒಂದು ವಿಷಯ. ಈ ಗಾಡಿಯಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇರಲ್ಲ. ಎಡಗಡೆ ಇರೋ ಒಂದೇ ಕಡ್ಡಿ. ಅದನ್ನ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಕಿಕ್ ಹೊಡೀಬೇಕು, ಎಂಜಿನ್ ಹಿಡಿದ ಮೇಲೆ ಅದನ್ನೇ ಮುಂದಕ್ಕೆ ಬಗ್ಗಿಸಿದ್ರೆ ಗೇರ್. ಮೊದಲ ಸಲ ನೋಡಿದವರು ಗಾಡಿ ಸ್ಟಾರ್ಟ್ ಮಾಡೋದು ಹೇಗೆ ಅಂತ ಸುತ್ತ ಮೂರು ಸುತ್ತು ಬರ್ತಾರೆ. ಕಳ್ಳರಿಗೂ ಕಷ್ಟ.

ಈಗ ಉತ್ತರ: ಲೆಟ್ನಾ ಗುಡ್ಡದ ಮೇಲೆ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯ ಇದೆ, 1908ರಲ್ಲಿ ಸ್ಥಾಪನೆ ಆದದ್ದು. ಅದರ ಸಾರಿಗೆ ವಿಭಾಗ ಒಂದೇ ದೊಡ್ಡ ಹಾಲ್. ನೆಲದ ಮೇಲೆ ಉಗಿಬಂಡಿ, ಹಳೇ ಕಾರುಗಳು, ತಲೆ ಮೇಲೆ ತೂಗುಹಾಕಿದ ವಿಮಾನಗಳು, ಸುತ್ತ ಮೊಗಸಾಲೆಯಲ್ಲಿ ಮೋಟಾರ್ ಸೈಕಲ್ಲು. ಚಕ್ರವರ್ತಿ ಫ್ರಾನ್ಸ್ ಜೋಸೆಫ್‌ನ ರೈಲಿನ ಊಟದ ಬೋಗಿನೂ ಇದೆ. ಯಜಮಾನರ ಪಟ್ಟಿಯಲ್ಲಿ ಇದು ಹೇಗೆ ತಪ್ಪಿಹೋಯ್ತೋ! ಪೆಟ್ರಿನ್ ಗೋಪುರ ಬಿಡಿ, ಅದು 299 ಮೆಟ್ಟಿಲು. ಐಫೆಲ್ ನೋಡಿ ಬಂದು 1891ರಲ್ಲಿ ಕಟ್ಟಿಸಿದ ಸಣ್ಣ ನಕಲು.

ಕಡಲತಡಿ

ಪೆಟ್ರಿನ್ ಬಗ್ಗೆ ಹಾಗೆ ಹೇಳ್ಬೇಡಿ ಮಾರಾಯ್ರೆ, ಗುಡ್ಡ ಚಂದ ಉಂಟು. ಗೋಪುರ ಹತ್ತದಿದ್ದರಾಯ್ತು, ಮರದ ಕೆಳಗೆ ಕೂತುಕೊಳ್ಳಲಿಕ್ಕೆ ಯಾರಾದರೂ ದುಡ್ಡು ಕೇಳ್ತಾರಾ?

ವ್ಲ್ತಾವಾ ದಡ

ಗುಡ್ಡಕ್ಕೆ ಹತ್ತೋದೇ ಸಮಸ್ಯೆ. ಅಲ್ಲಿನ ಹಗ್ಗದ ರೈಲನ್ನ 2024ರ ಶರತ್ಕಾಲದಲ್ಲಿ ದುರಸ್ತಿಗೆ ಅಂತ ನಿಲ್ಲಿಸಿದ್ರು. ಹೊರಡೋ ಮುಂಚೆ ಓಡ್ತಿದೆಯಾ ನೋಡ್ಕೊಳ್ಳಿ.

ತಾಂತ್ರಿಕ ಮ್ಯೂಸಿಯಂ ಮಾತು ಬಂದದ್ದು ಒಳ್ಳೇದಾಯ್ತು. ಹಾಗಿದ್ರೆ ರೂಮನ್ನ ಲೆಟ್ನಾ ಕಡೆನೇ ಹಿಡೀರಿ. ಹಳೇ ಊರಿನ ನಟ್ಟನಡುವೆ ಬೇಡ. ಕುಡಿದು ಗುಂಪು ಗುಂಪಾಗಿ ಬಾರಿಂದ ಬಾರಿಗೆ ಸುತ್ತೋ ಆಯೋಜಿತ ಟೂರ್‌ಗಳನ್ನ ನಗರಸಭೆ 2024ರಲ್ಲಿ ರಾತ್ರಿ ಹತ್ತರ ಮೇಲೆ ನಿಷೇಧ ಮಾಡಿದೆ ನಿಜ, ಆದ್ರೂ ಬೇಸಿಗೆಯಲ್ಲಿ ಬೀದಿ ಸದ್ದು ಕಡಿಮೆ ಇರಲ್ಲ. ಲೆಟ್ನಾ ಮರಗಳಿರೋ ವಾಸದ ಬಡಾವಣೆ, ಟ್ರಾಮ್ ಮನೆ ಮುಂದೇನೆ. ಬುಕ್ ಮಾಡೋವಾಗ ಲಿಫ್ಟ್ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ನೂರು ವರ್ಷದ ಕಟ್ಟಡಗಳು, ಎಷ್ಟೋ ಕಡೆ ಇಲ್ಲ. ಅಲ್ಲಿ ಮೊದಲನೇ ಮಹಡಿ ಅಂದ್ರೆ ನೆಲಮಹಡಿ ಬಿಟ್ಟು ಮೇಲಿನದು.

ಲೆಟ್ನಾ ಪಾರ್ಕಿನ ಅಂಚಲ್ಲಿ ನಿಂತ್ರೆ ಕೆಳಗೆ ನದಿ, ಒಂದರ ಹಿಂದೊಂದು ಸೇತುವೆಗಳು. ಅಮ್ಮ ಕೇಳಿದ ನದಿ ಅಲ್ಲೇ ಸಿಕ್ಕಿತು. ಅಲ್ಲೊಂದು ದೊಡ್ಡ ಲೋಲಕ (ಸಂಗೀತದವರು ತಾಳಕ್ಕೆ ಇಡೋ ಮೆಟ್ರೊನೋಮ್ ಥರದ್ದು) ಆಡ್ತಿರತ್ತೆ. 1955ರಲ್ಲಿ ಅದೇ ಜಾಗದಲ್ಲಿ ಸ್ಟಾಲಿನ್‌ನ ಕಲ್ಲಿನ ಸ್ಮಾರಕ ನಿಲ್ಲಿಸಿದ್ರು, ಹದಿನೈದು ಮೀಟರಿಗೂ ಎತ್ತರ. ಅದನ್ನ ರೂಪಿಸಿದ ಶಿಲ್ಪಿ ಅನಾವರಣಕ್ಕೆ ಮೊದಲೇ ಆತ್ಮಹತ್ಯೆ ಮಾಡ್ಕೊಂಡ. 1962ರಲ್ಲಿ ಸರ್ಕಾರವೇ ಡೈನಮೈಟ್ ಇಟ್ಟು ಉಡಾಯಿಸಿತು. ಈಗಿನ ಲೋಲಕ 1991ರದ್ದು. ಹುಡುಗರು ಅದರ ಕೆಳಗೆ ಸ್ಕೇಟಿಂಗ್ ಮಾಡ್ತಿರ್ತಾರೆ.

ಲೆಕ್ಕದ ಮೇಷ್ಟ್ರು

ಜಾವಾ ಆಯ್ತು, ಬಾಟಾನೂ ಸೇರಿಸಿ. ಬಾಟಾ ನಮ್ಮದೇ ಅಂದ್ಕೊಂಡು ಬೆಳೆದವರು ನಾವು. 1894ರಲ್ಲಿ ಚೆಕ್ ದೇಶದ ಪೂರ್ವಕ್ಕಿರೋ ಮೊರಾವಿಯಾ ಪ್ರಾಂತ್ಯದ ಜ್ಲೀನ್ ಊರಲ್ಲಿ ಹುಟ್ಟಿದ ಕಂಪನಿ. ವೆನ್ಸೆಸ್ಲಾಸ್ ಚೌಕದಲ್ಲಿ 1929ರಲ್ಲಿ ಕಟ್ಟಿದ ಅವರ ಗಾಜಿನ ಮುಂಭಾಗದ ಕಟ್ಟಡ ಈಗಲೂ ಅಂಗಡಿಯೇ. ಶಾಲೆ ಶುರುವಾಗೋ ಮುಂಚೆ ಕರಿ ಷೂ ಕೊಡಿಸೋಕೆ ಸಾಲು ನಿಂತ ಅಪ್ಪಂದಿರಿಗೆ ಅದು ಖುಷಿ ಕೊಡೋ ಜಾಗ.

ಈಗ ದುಡ್ಡಿನ ವಿಷಯ, ಯಾರೂ ಹೇಳಿಲ್ಲ. ಚೆಕ್ ದೇಶ ಯೂರೋಪಿಯನ್ ಒಕ್ಕೂಟದಲ್ಲಿದೆ, ಷೆಂಗೆನ್‌ನಲ್ಲಿದೆ, ಆದ್ರೆ ದುಡ್ಡು ಯೂರೋ ಅಲ್ಲ, ಕೊರುನಾ. ಒಂದು ಯೂರೋಗೆ 25ರ ಆಸುಪಾಸು ಅಂತ ಲೆಕ್ಕ ಇಟ್ಕೊಳ್ಳಿ. ಅಂಗಡಿಯಲ್ಲಿ ಯೂರೋ ತಗೊಳ್ತಾರೆ, ಅವರಿಗೆ ಇಷ್ಟ ಬಂದ ದರದಲ್ಲಿ. ಹಣ ವಿನಿಮಯದ ಅಂಗಡಿ ಮುಂದೆ "ಕಮಿಷನ್ ಸೊನ್ನೆ" ಅಂತ ದೊಡ್ಡದಾಗಿ ಬರೆದಿದ್ರೆ ಒಳಗೆ ದರ ಎಷ್ಟು ಕೆಟ್ಟದಿದೆ ನೋಡಿ. ಮೋಸ ಆಯ್ತು ಅನ್ನಿಸಿದ್ರೆ, 1,000 ಯೂರೋ ಒಳಗಿನ ವಿನಿಮಯವನ್ನ ಮೂರು ಗಂಟೆ ಒಳಗೆ ರಸೀದಿ ತೋರಿಸಿ ರದ್ದು ಮಾಡಿಸ್ಕೊಳ್ಳೋ ಹಕ್ಕು 2019ರಿಂದ ಇದೆ. ರಸ್ತೆಯಲ್ಲಿ ನಿಂತು "ಚೇಂಜ್, ಚೇಂಜ್" ಅನ್ನೋರ ಹತ್ರ ಹೋಗಲೇಬೇಡಿ, ಚಲಾವಣೆಯಿಲ್ಲದ ಬೇರೆ ದೇಶದ ನೋಟು ಕೈಗೆ ಹಾಕ್ತಾರೆ.

ಏಟಿಎಂ ಬೇಕಾದ್ರೆ ಬ್ಯಾಂಕಿನ ಗೋಡೆಗೆ ಇರೋದನ್ನೇ ಹುಡುಕಿ. ಕೊನೆಯಲ್ಲಿ ಪರದೆ ಮೇಲೆ "ಯೂರೋದಲ್ಲೇ ಕಡಿತ ಮಾಡಲಾ?" ಅಂತ ಕೇಳತ್ತೆ. ಬೇಡ ಅನ್ನಿ. ಬೇಡ ಅಂದ್ರೆ ದುಡ್ಡು ಬರಲ್ಲವೇನೋ ಅನ್ನಿಸೋ ಹಾಗೆ ಬರೆದಿರ್ತಾರೆ, ಹೆದರಬೇಡಿ, ಬರತ್ತೆ.

ಪಂಚಾಂಗ ಪ್ರಿಯ

ಗಡಿಯಾರದ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲವಲ್ಲ? ನೋಡಿದವರೆಲ್ಲ "ಇಷ್ಟೇನಾ?" ಅಂತ ಬೈದು ಬರ್ತಾರೆ. ಬೈಯೋದು ಗೊಂಬೆಯಾಟಕ್ಕೆ. ಗಂಟೆಗೊಮ್ಮೆ ಅಸ್ಥಿಪಂಜರ ಹಗ್ಗ ಎಳೆಯತ್ತೆ, ಮೇಲಿನ ಕಿಟಕಿಯಲ್ಲಿ ಯೇಸುವಿನ ಹನ್ನೆರಡು ಜನ ಶಿಷ್ಯರು (ಅಪೊಸ್ತಲರು) ಮುಖ ತೋರಿಸಿ ಹೋಗ್ತಾರೆ, ಹುಂಜ ಕೂಗತ್ತೆ, ಮುಗೀತು. ಅದಕ್ಕೆ ಕತ್ತೆತ್ತಿ ಅರ್ಧ ಗಂಟೆ ಕಾಯೋದು ದಂಡವೇ. ನೋಡಬೇಕಾದ್ದು ಕೆಳಗಿನ ಮುಖಫಲಕ. 1410ರಿಂದ ಇರೋದು, ಇವತ್ತಿಗೂ ಓಡ್ತಿರೋ ಖಗೋಳ ಗಡಿಯಾರಗಳಲ್ಲಿ ಅತಿ ಹಳೇದು. ಪಂಚಾಂಗ ನೋಡೋ ಅಭ್ಯಾಸ ಇರೋರಿಗೆ ಹತ್ತು ನಿಮಿಷದಲ್ಲಿ ಅರ್ಥವಾಗತ್ತೆ.

ನಡುವೆ ಭೂಮಿ. ನೀಲಿ ಭಾಗ ಹಗಲು, ಕಪ್ಪು ಭಾಗ ರಾತ್ರಿ, ನಡುವಿನ ಕೆಂಚು ಬಣ್ಣ ಸಂಧ್ಯೆ. ಒಂದು ಕಡ್ಡಿಯ ಮೇಲೆ ಬಂಗಾರದ ಸೂರ್ಯ, ಇನ್ನೊಂದರಲ್ಲಿ ಅರ್ಧ ಬೆಳ್ಳಿ ಅರ್ಧ ಕಪ್ಪು ಬಣ್ಣದ ಚಂದ್ರ. ಆ ಗುಂಡು ತಾನೇ ತಿರುಗಿ ತಿಥಿಗೆ ತಕ್ಕ ಕಳೆ ತೋರಿಸತ್ತೆ. ಒಂದು ಪಕ್ಕಕ್ಕೆ ಸರಿದ ಉಂಗುರದ ಮೇಲೆ ಹನ್ನೆರಡು ರಾಶಿ. ಸೂರ್ಯ ಆ ಉಂಗುರವನ್ನ ಎಲ್ಲಿ ದಾಟ್ತಾನೋ ಅದೇ ಅವತ್ತಿನ ರಾಶಿ.

ಇಲ್ಲಿ ಅಪ್ಪನವರಿಗೆ ಒಂದು ಮಜಾ ಇದೆ. ಜೂನ್ ಕೊನೆಗೆ ಹೋದ್ರೆ ಗಡಿಯಾರದಲ್ಲಿ ಸೂರ್ಯ ಕರ್ಕಾಟಕದಲ್ಲಿರ್ತಾನೆ. ನಮ್ಮ ಒಂಟಿಕೊಪ್ಪಲ್ ಪಂಚಾಂಗ ತೆಗೆದ್ರೆ ಇನ್ನೂ ಮಿಥುನ, ಕರ್ಕ ಸಂಕ್ರಮಣಕ್ಕೆ ಜುಲೈ ನಡುವಿನವರೆಗೆ ಕಾಯಬೇಕು. ಅವರದು ಋತು ಹಿಡಿದು ಎಣಿಸೋ ಸಾಯನ, ನಮ್ಮದು ನಕ್ಷತ್ರ ಹಿಡಿದು ಎಣಿಸೋ ನಿರಯನ. ಎರಡರ ನಡುವಿನ ಅಂತರ, ಅಂದ್ರೆ ಅಯನಾಂಶ, ಈಗ ಸುಮಾರು 24 ಡಿಗ್ರಿ. ಗಡಿಯಾರವೂ ಸರಿ, ಪಂಚಾಂಗವೂ ಸರಿ.

ಇನ್ನು ಅಂಚಿನಲ್ಲಿ ಒಂದು ಕಪ್ಪು ಉಂಗುರ, ಹಳೇ ಲಿಪಿಯ ಅಂಕಿಗಳು. ಅದು ಹಳೇ ಬೊಹಿಮಿಯಾದ (ಪ್ರಾಗ್ ಇರೋ ಪ್ರಾಂತ್ಯ) ಕಾಲಗಣನೆ. ಸೂರ್ಯಾಸ್ತಕ್ಕೆ 24 ಗಂಟೆ ಮುಗಿದು ಹೊಸ ದಿನ ಶುರು. ಸೂರ್ಯಾಸ್ತ ವರ್ಷವಿಡೀ ಹಿಂದೆಮುಂದೆ ಆಗೋದ್ರಿಂದ ಆ ಉಂಗುರವೂ ಹಿಂದೆಮುಂದೆ ಸರೀತಿರತ್ತೆ. ನಾವು ಸೂರ್ಯೋದಯದಿಂದ ಘಳಿಗೆ ಎಣಿಸಿದ್ವಿ, ಅವರು ಅಸ್ತದಿಂದ ಗಂಟೆ ಎಣಿಸಿದ್ರು.

ಕೆಲಸಗಾರನ ಕಣ್ಣು ಕೀಳಿಸಿದ್ರು ಅನ್ನೋ ಕತೆ ಗೈಡ್‌ಗಳು ಹೇಳ್ತಾರೆ. ಕಟ್ಟುಕತೆ ಅದು. ಮಾಡಿದವನು ಕಡಾನಿನ ಮಿಕುಲಾಷ್.

ಮ್ಯೂನಿಕ್ ಮೈಸೂರವಳು

ಪಂಚಾಂಗ ಪ್ರಿಯರೇ, ನಿಮ್ಮದನ್ನ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪಂಚಾಂಗ ಸೂಟ್‌ಕೇಸಿನಿಂದ ಹೊರಗೆ ಬಂದಿದೆ! ಜನ ಇಲ್ಲದ ಹೊತ್ತು ಯಾವುದು ಹಾಗಾದ್ರೆ?

ಪಂಚಾಂಗ ಪ್ರಿಯ

ಗೊಂಬೆಗಳು ಶುರುವಾಗೋದು ಬೆಳಗ್ಗೆ ಒಂಬತ್ತಕ್ಕೆ. ಮುಖಫಲಕ ರಾತ್ರಿಹಗಲೂ ಅಲ್ಲೇ ಇರತ್ತಲ್ಲ, ಏಳು ಗಂಟೆಗೇ ಹೋಗಿ ನಿಲ್ಲಿ. ಪಕ್ಕದ ನೆಲದ ಕಲ್ಲುಹಾಸಿನಲ್ಲಿ 27 ಬಿಳಿ ಶಿಲುಬೆ ಕಾಣತ್ತೆ, 1621ರಲ್ಲಿ ಅಲ್ಲೇ ಮರಣದಂಡನೆ ಆದವರ ಲೆಕ್ಕ. ಜನ ತುಂಬಿದ ಮೇಲೆ ಅದರ ಮೇಲೇ ನಿಂತು ಗೊಂಬೆ ನೋಡ್ತಾರೆ. ಟೌನ್ ಹಾಲ್ ಗೋಪುರಕ್ಕೆ ಲಿಫ್ಟ್ ಇದೆ, ಮಂಡಿಗೆ ತೊಂದರೆಯಿಲ್ಲ.

ಹುಬ್ಬಳ್ಳಿ ಮಂದಿ

ಕುಟ್ನಾ ಹೋರಾ ಯಾಕ ಬಿಡ್ತೀರಿ? ಪ್ರಾಗ್ ಮೇನ್ ಸ್ಟೇಷನ್ನಿಂದ ರೈಲಿನ್ಯಾಗ ತಾಸಿನ ದಾರಿ ಅಷ್ಟ. ನಮ್ಮ ಅವ್ವನ್ನ ಕರ್ಕೊಂಡ ಹೋಗಿದ್ವಿ. ಎಲುವು ನೋಡಿ ಅಂಜತಾಳೋ ಏನೋ ಅಂತ ನಮಗ ಚಿಂತಿ. ಆಕಿ ಏನ್ ಅಂಜಲಿಲ್ಲ ನೋಡ್ರಿ. 1278ರಾಗ ಅಲ್ಲಿನ ಮಠದ ಸ್ವಾಮಿಯೊಬ್ಬಾಂವ ಜೆರುಸಲೇಮಿನಿಂದ ಒಂದ ಹಿಡಿ ಮಣ್ಣ ತಂದು ಆ ಸ್ಮಶಾನದಾಗ ಚೆಲ್ಲಿದ್ನಂತ. ಅದಕ್ಕ ದೂರದೂರದ ಮಂದಿಗೆ ಅಲ್ಲೇ ಮಣ್ಣಾಗಬೇಕು ಅಂತ ಆಸೆ. ಮ್ಯಾಲೆ ಪ್ಲೇಗ್ ಬಂತು, ಯುದ್ಧ ಬಂತು, ಜಾಗಾ ಸಾಲದಂಗ ಆತು. ತೆಗೆದ ಎಲುವು 40,000 ಮಂದೀದಕ್ಕೂ ಜಾಸ್ತಿ. 1870ರಾಗ ರಿಂಟ್ ಅನ್ನೋ ಕಟಗಿ ಕೆಲಸದಾಂವ ಅದನ್ನೆಲ್ಲಾ ಜೋಡಿಸಿ ದೀಪಗೊಂಚಲ ಮಾಡಿದ. ಇಷ್ಟ ಕೇಳಿದ ಮ್ಯಾಲೆ ಅವ್ವ "ಕಾಶ್ಯಾಗ ಸಾಯೂ ಆಸೆ ಇದ್ದಂಗ ಬಿಡು" ಅಂದು ಕೈ ಮುಗದ್ಲು. ಫೋಟೊ ತೆಗಿಯಾಕ ಬಿಡೂದಿಲ್ಲ, ಛಲೋನ ಆತು.

ಕಡಲತಡಿ

ನಿಮ್ಮ ಅವ್ವ ಗಟ್ಟಿ. ನನ್ನ ಅಮ್ಮ ಆದ್ರೆ ಬಂದು ತಲೆಗೆ ಸ್ನಾನ ಮಾಡದೆ ಒಂದು ಲೋಟ ನೀರೂ ಮುಟ್ಟುವವರಲ್ಲ. ರೈಲಲ್ಲಿ ಎಲ್ಲಿಂದ ಸ್ನಾನ ಮಾಡಿಸುವುದು? ಮನೆಯ ಹಿರಿಯರಿಗೆ ಮೊದಲೇ ಹೇಳಿ ಕೇಳಿ ಕರ್ಕೊಂಡು ಹೋಗ್ಬೇಕು, ಅಲ್ಲಿ ಹೋಗಿ "ಸರ್‌ಪ್ರೈಸ್" ಅಂತ ಹೇಳಿ ಬಾಗಿಲು ತೆಗೀಬಾರದು.

ದೋಣಿಗೆ ನನ್ನದೊಂದು ಸಲಹೆ. ಊಟ, ಸಂಗೀತ ಅಂತ ಹೇಳಿ ದೊಡ್ಡ ಹಡಗಿನವರು ತುಂಬಾ ದುಡ್ಡು ಕೇಳ್ತಾರೆ. ನಗರ ಸಾರಿಗೆಯ ಸಣ್ಣ ದೋಣಿ ಉಂಟು, ಆಚೆ ದಡಕ್ಕೆ ದಾಟಿಸುವುದು, ಟ್ರಾಮಿನ ಟಿಕೆಟೇ ಸಾಕು. ಅಮ್ಮನಿಗೆ ನದಿ ಬೇಕಾದ್ದಲ್ವಾ.

ವಿಶಾಲು ಚಿಕ್ಕಮ್ಮ

ಊಟದ ಬಗ್ಗೆ ಹೇಳಿ ಯಾರಾದ್ರೂ. ಮೊಟ್ಟೆ ತಿನ್ನದವರ ಪಾಡು ನನಗೆ ಗೊತ್ತು. "ಸಸ್ಯಾಹಾರಿ" ಅಂತ ಎಲ್ಲರೂ ತೋರಿಸೋದು ಕರಿದ ಚೀಸು. ಅದನ್ನ ಮೈದಾ, ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಅದ್ದಿನೇ ಕರಿಯೋದು. ಆಲೂಗಡ್ಡೆ ದೋಸೆ ಥರ ಬ್ರಂಬೊರಾಕ್ ಅಂತ ಒಂದಿದೆ, ಬೆಳ್ಳುಳ್ಳಿ ಘಮ್ ಅನ್ನತ್ತೆ, ಅದರಲ್ಲೂ ಮೊಟ್ಟೆ. ಸೂಪಿಗೆ ಮಾಂಸದ ನೀರು ಹಾಕಿರ್ತಾರೆ. ಬೀದೀಲಿ ಸುತ್ತಿ ಸುಡೋ ಟ್ರ್ಡೆಲ್ನಿಕ್ "ಹಳೇ ಪ್ರಾಗ್ ತಿಂಡಿ" ಅಂತ ಬೋರ್ಡು, ಪ್ರಾಗ್‌ನವರು ಅದು ನಮ್ಮದಲ್ಲ ಅಂತ ನಗ್ತಾರೆ.

ನಾವು ಮಾಡಿದ್ದು ಇಷ್ಟು: ಅಡುಗೆಮನೆ ಇರೋ ಮನೆ ಹಿಡಿದ್ವಿ. ಸಣ್ಣ ಕುಕ್ಕರ್, ಚಟ್ನಿಪುಡಿ, ಹುಣಸೆ ಗೊಜ್ಜು, ಗಟ್ಟಿ ಅವಲಕ್ಕಿ ಜೊತೇಲಿ. ಬೀದಿ ಬೀದಿಗೂ ವಿಯೆಟ್ನಾಂನವರು ನಡೆಸೋ ಅಂಗಡಿ ಇರತ್ತೆ, ರಾತ್ರಿ ಹೊತ್ತಾದ್ರೂ ಅಕ್ಕಿ, ತರಕಾರಿ ಸಿಗತ್ತೆ. ಮೊಸರು ಕೊಳ್ಳೋವಾಗ ಡಬ್ಬಿ ಮೇಲೆ ಜೆಲಾಟಿನಾ (ಪ್ರಾಣಿಗಳಿಂದ ತೆಗೆಯೋ ಜೆಲಾಟಿನ್) ಅಂತ ಬರೆದಿಲ್ಲದ ಬಿಳಿ ಮೊಸರು ನೋಡಿ. ನಲ್ಲಿ ನೀರು ಕುಡಿಯಬಹುದು. ಹೋಟೆಲಲ್ಲಿ ಕೇಳದೇ ತಂದಿಟ್ಟ ಬ್ರೆಡ್ಡಿಗೂ ಬಿಲ್ ಹಾಕಬಹುದು, ಬೇಡದಿದ್ರೆ ಮುಟ್ಟೋಕೆ ಮುಂಚೆನೇ ವಾಪಸ್ ಕೊಡಿ.

ವ್ಲ್ತಾವಾ ದಡ

ಕೋಟೆಗೆ ಹೋಗೋ ದಾರಿ ಮುಖ್ಯ, ಬರೆದುಬಿಡ್ತೀನಿ. ಎಲ್ಲರೂ ಸೇತುವೆ ದಾಟಿ ನೆರುಡೋವಾ ಬೀದಿಯ ಏರು ಹತ್ತಿಸ್ತಾರೆ. ನೀವು 22ನೇ ನಂಬರ್ ಟ್ರಾಮ್ ಹತ್ತಿ "ಪ್ರಾಜ್‌ಸ್ಕಿ ಹ್ರಾಡ್" ಸ್ಟಾಪಲ್ಲಿ ಇಳೀರಿ. ಅಲ್ಲಿಂದ ಒಳಗೆ ಸಮತಟ್ಟು ದಾರಿ. ಜೇಬಿನ ಮೇಲೆ ಕೈ ಇರಲಿ, 22ರಲ್ಲಿ ಜೇಬುಗಳ್ಳರ ಕಾಟ ಹೆಸರುವಾಸಿ. ಟಿಕೆಟ್ ಕೊಂಡ್ರೆ ಸಾಲದು, ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸ್ಬೇಕು, ಇಲ್ದಿದ್ರೆ ದಂಡ. ಹಿರಿಯರಿಗೆ ರಿಯಾಯಿತಿ ಇದೆ, ಕೌಂಟರಲ್ಲಿ ಪಾಸ್‌ಪೋರ್ಟ್ ತೋರಿಸಿ ವಿಚಾರಿಸಿ.

ಕೋಟೆ ಅಂಗಳಕ್ಕೆ ಟಿಕೆಟ್ ಇಲ್ಲ, ಒಳಗಿನ ಕಟ್ಟಡಗಳಿಗೆ ಮಾತ್ರ. ಸೇಂಟ್ ವಿಟಸ್ ಚರ್ಚು ತಪ್ಪಿಸಬೇಡಿ. 1344ರಲ್ಲಿ ಶುರು ಮಾಡಿ ಮುಗಿಸಿದ್ದು 1929ರಲ್ಲಿ. ಭಾನುವಾರ ಬೆಳಗ್ಗೆ ಪೂಜೆ, ಪ್ರವಾಸಿಗಳಿಗೆ ಮಧ್ಯಾಹ್ನ ಹನ್ನೆರಡರ ಮೇಲೆ. ಎಡಗಡೆ ಮೂರನೇ ಬಣ್ಣದ ಗಾಜಿನ ಕಿಟಕಿ ಚಿತ್ರಕಾರ ಆಲ್ಫೋನ್ಸ್ ಮುಖಾ ರೂಪಿಸಿದ್ದು. ಮಧ್ಯಾಹ್ನ ಇಳಿಹೊತ್ತಲ್ಲಿ ಹೋದ್ರೆ ಗುಂಪುಗಳು ಕರಗಿರತ್ತೆ. ವಾಪಸ್ ಬರೋವಾಗ ಮೆಟ್ಟಿಲಿಳಿಯೋ ಆಸೆ ಬೇಡ, ಮಂಡಿಗೆ ಇಳಿಯೋದೇ ಹೆಚ್ಚು ಕಷ್ಟ. ಬಂದ ದಾರಿಯಲ್ಲೇ ರಾಜೋದ್ಯಾನದಲ್ಲಿ ಕೂತು ಟ್ರಾಮ್ ಹಿಡೀರಿ.

ಮೆಟ್ರೋದಲ್ಲಿ ಎಸ್ಕಲೇಟರ್ ವೇಗ ಜಾಸ್ತಿ. ನಾಮ್ಯೆಸ್ಟಿ ಮೀರು ನಿಲ್ದಾಣದ್ದು 87 ಮೀಟರ್ ಉದ್ದ, ಕೆಳಗೆ ನೋಡಿದ್ರೆ ನನಗೇ ತಲೆ ತಿರುಗತ್ತೆ. ಹಿರಿಯರಿಗೆ ಟ್ರಾಮೇ ಸರಿ.

ಲೆಕ್ಕದ ಮೇಷ್ಟ್ರು

ರೈಲಲ್ಲಿ ಹೋಗೋದಾದ್ರೆ ಅಪ್ಪ-ಅಮ್ಮನ ಪಾಸ್‌ಪೋರ್ಟ್, ವೀಸಾ ಸೂಟ್‌ಕೇಸಿನ ತಳದಲ್ಲಿ ಹಾಕಬೇಡಿ. ಷೆಂಗೆನ್ ಒಳಗೆ ತಪಾಸಣೆ ಇಲ್ಲ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ಜರ್ಮನಿ 2023ರ ಅಕ್ಟೋಬರಿಂದ ಚೆಕ್ ಗಡಿಯಲ್ಲಿ ತಪಾಸಣೆ ಶುರು ಮಾಡಿದೆ. ವಾಪಸ್ ಬರೋವಾಗ ಬೋಗಿಗೆ ಪೊಲೀಸರು ಹತ್ತಬಹುದು.

ಹಾಗೇ ಒಂದು ವಿಷಯ: ಪ್ರಾಗ್‌ನ ಡೆಯ್ವಿತ್ಸೆ ಬಡಾವಣೆಯಲ್ಲಿ ಟಾಗೋರರ ಹೆಸರಿನ ಬೀದಿ ಇದೆ, ಠಾಕುರೋವಾ ಅಂತ. ಅವರು 1921ರಲ್ಲೂ 1926ರಲ್ಲೂ ಪ್ರಾಗ್‌ಗೆ ಬಂದಿದ್ರು. ಬಿಡುವಿದ್ರೆ ನೋಡಿ, ಇಲ್ದಿದ್ರೆ ಬಿಡಿ.

ಮ್ಯೂನಿಕ್ ಮೈಸೂರವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂಳೆ ಚರ್ಚಿನ ವಿಷಯ ಅಮ್ಮನ್ನೇ ಕೇಳಿದೆ, "ನೀವು ಹೋಗಿಬನ್ನಿ, ನಾನು ನದಿ ಹತ್ರ ಕೂತಿರ್ತೀನಿ" ಅಂದ್ರು. ಅಲ್ಲಿಗೆ ಅದು ಬಿತ್ತು. ಲೆನನ್ ಗೋಡೆನೂ ಬಿತ್ತು, ನಮ್ಮನೆಯವರು ಮುಖ ಸಣ್ಣ ಮಾಡ್ಕೊಂಡಿದಾರೆ. ಈಗ ಹೀಗಿದೆ:

ಶುಕ್ರವಾರ ಸಂಜೆ ತಲುಪಿ ಲೆಟ್ನಾ ಪಾರ್ಕು. ಶನಿವಾರ ಬೆಳಗ್ಗೆ ಸೇತುವೆ, ಏಳಕ್ಕೆ ಗಡಿಯಾರ, ಹಾಗೇ ನಡೆದು ಯಹೂದಿ ಕೇರಿ, ಅಲ್ಲಿನ ಪಿಂಕಾಸ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ). ಸಂಜೆ ವೆನ್ಸೆಸ್ಲಾಸ್ ಚೌಕ, ಬಾಟಾ. ಭಾನುವಾರ ಬೆಳಗ್ಗೆ ದೋಣಿ, ಮಧ್ಯಾಹ್ನದ ಮೇಲೆ ಕೋಟೆ. ಸೋಮವಾರ ಬೆಳಗ್ಗೆ ಅಪ್ಪನ ಜಾವಾ ಮ್ಯೂಸಿಯಂ ನೋಡಿ ಮಧ್ಯಾಹ್ನದ ರೈಲು. ಸರಿ ಇದೆಯಾ?

ವ್ಲ್ತಾವಾ ದಡ

ಎರಡು ಕಡೆ ಬಾಗಿಲು ಹಾಕಿರತ್ತೆ! ಯಹೂದಿ ವಸ್ತುಸಂಗ್ರಹಾಲಯದ ಸಿನಗಾಗ್‌ಗಳು, ಸ್ಮಶಾನ ಎಲ್ಲ ಶನಿವಾರ ರಜೆ. ತಾಂತ್ರಿಕ ಮ್ಯೂಸಿಯಂ ಸೋಮವಾರ ರಜೆ. ಅಪ್ಪನನ್ನ ಅಲ್ಲಿವರೆಗೆ ಕರ್ಕೊಂಡು ಹೋಗಿ ಬೀಗ ತೋರಿಸ್ಬೇಡಿ.

ಹೀಗೆ ಬದಲಾಯಿಸಿ: ಶನಿವಾರ ಗಡಿಯಾರ ಆದ ಮೇಲೆ ರೂಮು, ಸಂಜೆ ದೋಣಿ ಮತ್ತು ಬಾಟಾ. ಭಾನುವಾರ ಬೆಳಗ್ಗೆ ತಾಂತ್ರಿಕ ಮ್ಯೂಸಿಯಂ, ನಿಮ್ಮ ರೂಮಿಂದ ನಡೆದೇ ಹೋಗಬಹುದು. ಮಧ್ಯಾಹ್ನ ಮಲಗಿ ಎದ್ದು ಮೂರಕ್ಕೆ ಕೋಟೆ. ಸೋಮವಾರ ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಪಿಂಕಾಸ್. ಅದಕ್ಕೆ ಅವಸರ ಮಾಡ್ಬೇಡಿ. ನಾಜಿಗಳು ಕೊಂದ ಬೊಹಿಮಿಯಾ-ಮೊರಾವಿಯಾದ ಸುಮಾರು 80,000 ಯಹೂದಿಗಳ ಹೆಸರನ್ನ ಗೋಡೆ ಮೇಲೆ ಕೈಯಲ್ಲಿ ಬರೆದಿದಾರೆ. ಊರಿನ ಹೆಸರು ಒಂದು ಬಣ್ಣ, ಮನೆತನದ್ದು ಇನ್ನೊಂದು. ಕಮ್ಯುನಿಸ್ಟರ ಕಾಲದಲ್ಲಿ ಅಳಿಸಿಹೋಗಿದ್ದನ್ನ ತೊಂಬತ್ತರ ದಶಕದಲ್ಲಿ ಮತ್ತೆ ಬರೆದ್ರು. ಮೇಲಿನ ಮಹಡಿಯಲ್ಲಿ ಟೆರೆಜಿನ್ ಶಿಬಿರದ ಮಕ್ಕಳ ಚಿತ್ರಗಳಿವೆ. ಮೆಟ್ಟಿಲಿದೆ, ಅಪ್ಪ ಕೆಳಗೇ ಇರಬಹುದು. ರೈಲಿಗೆ ಸೀಟ್ ಈಗಲೇ ಕಾದಿರಿಸಿ, ಜೂನ್‌ನಲ್ಲಿ ನಿಂತು ಬರೋ ಪರಿಸ್ಥಿತಿ ಆಗತ್ತೆ.

ಎರಡು ಸೈಲೆನ್ಸರ್

ಭಾನುವಾರ ಬೆಳಗ್ಗೆ ಮ್ಯೂಸಿಯಂಗೆ ಕನಿಷ್ಠ ಮೂರು ಗಂಟೆ ಇಡಿ ಮೇಡಂ. ಅಪ್ಪಾಜಿದು ಜಾವಾನಾ, ಯೆಜ್ಡಿನಾ? ಯಾವ ಇಸವಿ ಗಾಡಿ? ಟ್ಯಾಂಕ್ ಪಕ್ಕ ಕ್ರೋಮ್ ಇತ್ತಾ? ಕೇಳಿ ಹೇಳಿ.